ಗೆದ್ದ 4,000 ರೂಪಾಯಿಗೆ ಫ್ರೀಜ್ ಆಯ್ತು ಸಂಬಳದ ಖಾತೆ: ಬೆಟ್ಟಿಂಗ್ ಐಡಿ ಇಟ್ಟುಕೊಂಡವರು ದಯವಿಟ್ಟು ಓದಿ

ಮುಂಬೈ ಮಾಟುಂಗಾದ ಹೋಟೆಲೊಂದರ ಗಲ್ಲಾದಲ್ಲಿ ಕೂರುವ ಕುಂದಾಪುರ ಕಡೆಯ ಹುಡುಗ. ಐಪಿಎಲ್ ಸಮಯದಲ್ಲಿ ವಾಟ್ಸಾಪ್‌ನಲ್ಲಿ ಯಾರೋ ಒಬ್ಬ ‘ಐಡಿ’ (ಬೆಟ್ಟಿಂಗ್ ಆ್ಯಪ್‌ನ ಲಾಗಿನ್) ಕೊಟ್ಟ. ಮೂರು ವಾರದಲ್ಲಿ ಕಟ್ಟಿದ್ದು 61,500. ವಾಪಸ್ ಬಂದದ್ದು ಒಂದೇ ಸಲ, 4,000. ಸೋತದ್ದನ್ನು ಯಾರಿಗೂ ಹೇಳದೆ ನುಂಗಿಕೊಂಡ. ಎರಡು ತಿಂಗಳಾದ ಮೇಲೆ ಊರಿಗೆ ದುಡ್ಡು ಕಳಿಸಲು ನೋಡಿದರೆ ಖಾತೆಯಿಂದ ಒಂದು ರೂಪಾಯಿಯೂ ಹೊರಡಲಿಲ್ಲ. ಬೇರೆ ರಾಜ್ಯದ ಸೈಬರ್ ಪೊಲೀಸರ ಸೂಚನೆ ಮೇರೆಗೆ ಬ್ಯಾಂಕು ಖಾತೆ ತಡೆಹಿಡಿದಿತ್ತು. ತೊಂದರೆ ತಂದದ್ದು ಆ ಗೆದ್ದ 4,000.

ಐಡಿ ಕೊಡುವವರು ತಮ್ಮ ಹೆಸರಿನ ಖಾತೆಯನ್ನು ಎಂದೂ ಬಳಸುವುದಿಲ್ಲ. ದುಡ್ಡು ಹಾಕುವಾಗ ಪ್ರತಿ ಸಲ ಹೊಸ ಕ್ಯೂಆರ್ ಬರುತ್ತದೆ. ಬೆಳಿಗ್ಗೆ ಯಾವುದೋ ತರಕಾರಿ ಅಂಗಡಿಯ ಹೆಸರು, ಸಂಜೆ ಗೊತ್ತಿಲ್ಲದ ಯಾರದೋ ಹೆಸರು. ಇವೆಲ್ಲ ಬಾಡಿಗೆ ಖಾತೆಗಳು. ‘ಡಿಜಿಟಲ್ ಅರೆಸ್ಟ್’ (ನಕಲಿ ಪೊಲೀಸರ ವಿಡಿಯೋ ಕಾಲ್ ಬೆದರಿಕೆ), ನಕಲಿ ಷೇರು ಟ್ರೇಡಿಂಗ್ ಹೆಸರಲ್ಲಿ ದೋಚಿದ ಹಣವೂ ಇಂಥ ಖಾತೆಗಳಲ್ಲೇ ಓಡಾಡುತ್ತದೆ. ಮೋಸಹೋದವರು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ದೂರು ಕೊಟ್ಟರೆ ಪೊಲೀಸರು ಆ ಹಣ ಹರಿದ ಜಾಡು ಹಿಡಿಯುತ್ತಾರೆ, ಜಾಡಿನಲ್ಲಿರುವ ಖಾತೆಗಳಿಗೆ ತಡೆ ಬೀಳುತ್ತದೆ. ನಿಮಗೆ ‘ಗೆಲುವು’ ಎಂದು ಬಂದದ್ದು ಯಾರೋ ನಿವೃತ್ತ ಮೇಷ್ಟ್ರ ಉಳಿತಾಯ ಇರಬಹುದು.

ಹೀಗಾದರೆ ಮೊದಲು ಬ್ಯಾಂಕಿನ ಶಾಖೆಗೆ ಹೋಗಿ ಲಿಖಿತವಾಗಿ ಕೇಳಿ: ದೂರಿನ ಸ್ವೀಕೃತಿ ಸಂಖ್ಯೆ ಯಾವುದು, ಯಾವ ಠಾಣೆ, ವಿವಾದದ ಮೊತ್ತ ಎಷ್ಟು, ತಡೆ ಪೂರ್ತಿ ಖಾತೆಗೋ ಆ ಮೊತ್ತಕ್ಕಷ್ಟೇನೋ. ಆಮೇಲೆ ಆ ಠಾಣೆಗೆ ಸ್ಟೇಟ್‌ಮೆಂಟ್, ಗುರುತಿನ ಚೀಟಿ, ವಾಟ್ಸಾಪ್ ಚಾಟ್‌ನ ಸ್ಕ್ರೀನ್‌ಶಾಟ್ ಸಮೇತ ಮೇಲ್ ಮಾಡಿ, ವಿವಾದದ ಮೊತ್ತವನ್ನು ಮಾತ್ರ ಹಿಡಿದಿಟ್ಟು ಉಳಿದದ್ದನ್ನು ಬಿಡಲು ಕೋರಿ. ‘ಗೆಳೆಯ ಕೊಟ್ಟ ಕೈಸಾಲ’ ಎಂದು ಸುಳ್ಳು ಬರೆಯಬೇಡಿ, ಆ ಗೆಳೆಯನನ್ನು ಕರೆತನ್ನಿ ಎಂದರೆ ಕೆಲಸ ಇನ್ನಷ್ಟು ಕೆಡುತ್ತದೆ. ಖಾತೆ ಬಿಡಿಸಿಕೊಡುತ್ತೇನೆ ಎನ್ನುವ ಏಜೆಂಟನಿಗೆ ಬಿಡಿಗಾಸೂ ಕೊಡಬೇಡಿ. ಈ ಹುಡುಗನ ವಿಷಯದಲ್ಲಿ 4,000 ಇನ್ನೂ ತಡೆಯಲ್ಲೇ ಇದೆ, ಉಳಿದದ್ದು ಏಳು ವಾರಕ್ಕೆ ಬಿಡುಗಡೆಯಾಯಿತು.

ಹೋಟೆಲ್ ರೂಮುಗಳಲ್ಲಿ ಎಂಟು ಹತ್ತು ಜನ ಒಟ್ಟಿಗೆ ಇರುವ ಹುಡುಗರಿಗೆ ಇನ್ನೊಂದು ಮಾತು. ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಮೂರನ್ನೂ ಕೊಟ್ಟರೆ ತಿಂಗಳಿಗೆ ಇಷ್ಟು ಕೊಡುತ್ತೇವೆ ಎಂದು ಬರುವವರಿದ್ದಾರೆ. ಆ ಖಾತೆಯಲ್ಲಿ ಏನೇ ಓಡಾಡಿದರೂ ಪೊಲೀಸರು ಮೊದಲು ಹುಡುಕುವುದು ನಿಮ್ಮನ್ನೇ.

ಈಗ ಸೋತ 61,500ರ ವಿಷಯ. ಊರಲ್ಲಿ ಓಸಿ (ಅಂಕಿ ಆರಿಸಿ ದುಡ್ಡು ಕಟ್ಟುವ ಮಟ್ಕಾ) ಚೀಟಿ ಬರೆಯುವುದನ್ನು ನೋಡಿದವರಿಗೆ ಈ ಲೆಕ್ಕ ಬೇಗ ಹತ್ತುತ್ತದೆ. ಹತ್ತು ಅಂಕಿ, ಹೊಡೆದರೆ ಒಂಬತ್ತು ಪಟ್ಟು. ಹತ್ತಕ್ಕೂ ಹತ್ತತ್ತು ರೂಪಾಯಿ ಕಟ್ಟಿದರೆ ಹೋಗುವುದು 100, ಬರುವುದು 90. ಆ್ಯಪ್‌ನಲ್ಲೂ ಇದೇ, ಬಣ್ಣ ಬೇರೆ. ಟಾಸ್‌ಗೆ ಎರಡೂ ಕಡೆ 1.90 ಭಾವ್ (ಗೆದ್ದರೆ ಕಟ್ಟಿದ ಪ್ರತಿ ರೂಪಾಯಿಗೆ 1.90 ವಾಪಸ್) ಇದ್ದರೆ, ಎರಡಕ್ಕೂ ಸಾವಿರ ಸಾವಿರ ಕಟ್ಟಿ ನೋಡಿ: ಕಟ್ಟಿದ್ದು 2,000, ಬಂದದ್ದು 1,900. ಅಂದರೆ ಕಟ್ಟಿದ ಪ್ರತಿ ಸಾವಿರಕ್ಕೆ ಸರಾಸರಿ 50 ರೂಪಾಯಿ ಅವರದು. ಕಮ್ಮಿ ಅನ್ನಿಸುತ್ತದೆ. ಆದರೆ ಓಸಿ ದಿನಕ್ಕೆ ಒಂದೆರಡು ಸಲ ತೆರೆಯುತ್ತಿತ್ತು, ಇಲ್ಲಿ ಚೆಂಡು ಚೆಂಡಿಗೂ ಕಟ್ಟಬಹುದು. ಕೈಯಲ್ಲಿ 3,000 ಇಟ್ಟುಕೊಂಡವನು ಗೆದ್ದದ್ದನ್ನೇ ಮತ್ತೆ ಮತ್ತೆ ಹಾಕುತ್ತ ಒಂದು ಸಂಜೆ 500ರಂತೆ ನೂರು ಸಲ ಕಟ್ಟಿದರೆ ಒಟ್ಟು ವಹಿವಾಟು 50,000. ಅದರ ಶೇ. 5 ಅಂದರೆ 2,500. ಒಂದೇ ಪಂದ್ಯದಲ್ಲಿ ಹೆಚ್ಚುಕಮ್ಮಿ ಜೇಬು ಖಾಲಿ, ಯಾರೂ ಮೋಸ ಮಾಡದೆಯೇ.

ಸೋತಾಗ ದುಪ್ಪಟ್ಟು ಕಟ್ಟುವ ‘ಉಪಾಯ’ ಹೇಳಿಕೊಡುವವರಿದ್ದಾರೆ. 100ರಿಂದ ಶುರುಮಾಡಿ ಏಳು ಸಲ ಸತತ ಸೋತರೆ ಹೋದದ್ದು 12,700. ಎಂಟನೆಯದಕ್ಕೆ 12,800 ಬೇಕು, ದುಪ್ಪಟ್ಟು ಕೊಡುವ ಸಮ ಭಾವ್‌ನಲ್ಲಿ ಗೆದ್ದರೂ ಉಳಿಯುವುದು ಬರೀ 100. 1.90 ಭಾವ್ ಇದ್ದರೆ ಗೆದ್ದೂ ನಷ್ಟ. ಬೋನಸ್ಸೂ ಹಾಗೆಯೇ. 5,000 ಹಾಕಿದರೆ 5,000 ಫ್ರೀ, ಆದರೆ ಒಟ್ಟು ಮೊತ್ತವನ್ನು ಹತ್ತು ಪಟ್ಟು ಆಡಿಸದೆ ತೆಗೆಯುವಂತಿಲ್ಲ ಎಂಬ ಷರತ್ತಿದ್ದರೆ, ಲಕ್ಷ ರೂಪಾಯಿ ಕಟ್ಟಬೇಕು. ಅದರ ಶೇ. 5 ಎಂದರೆ ಸರಿಯಾಗಿ ಆ 5,000. ಗೆದ್ದ ಹಣ ಬಿಡಿಸಲು ಮೊದಲು ಶೇ. 30 ತೆರಿಗೆ ಕಟ್ಟಿ ಎಂದರೆ ಅದು ಶುದ್ಧ ವಂಚನೆ. ಗೆಲುವಿನ ತೆರಿಗೆ ಮೂಲದಲ್ಲೇ ಕಡಿತವಾಗುತ್ತದೆ.

2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟವನ್ನು ನಿಷೇಧಿಸಿದೆ. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಆ ಕಾಯ್ದೆಯಲ್ಲಿ ಆಡಿದವನಿಗೆ ಶಿಕ್ಷೆ ಇಲ್ಲ, ಹಾಗಾಗಿ ಮೋಸವಾದರೆ ಹೆದರಿ ಸುಮ್ಮನಿರಬೇಡಿ. ಕದ್ದುಮುಚ್ಚಿ ನಡೆಯುವ ಆ್ಯಪ್‌ನೊಳಗಿನ ‘ಮಿತಿ’ ಬಟನ್ ನಂಬಬೇಡಿ, ಅದನ್ನು ಪಾಲಿಸುತ್ತಾರೋ ಇಲ್ಲವೋ ಕೇಳುವವರಿಲ್ಲ. ಗೋವಾದ ಮಾಂಡೋವಿ ನದಿಯಲ್ಲಿ ನಿಂತ ಕ್ಯಾಸಿನೋ ಹಡಗುಗಳಿಗೆ ಪರವಾನಗಿ ಇದೆ. ಹೋಗುವುದೇ ಆದರೆ ಕಳೆದುಕೊಳ್ಳಲು ಸಿದ್ಧವಿರುವಷ್ಟೇ ನಗದು ಜೇಬಲ್ಲಿರಲಿ, ಕಾರ್ಡು, ಫೋನು ಲಾಡ್ಜಿನಲ್ಲಿರಲಿ.

ಕೈ ತುರಿಸುವ ಹೊತ್ತಿನಲ್ಲಿ ಮನಸ್ಸು ಗಟ್ಟಿಮಾಡಿಕೊಳ್ಳಲು ಆಗುವುದಿಲ್ಲ. ದಾರಿಗಳನ್ನು ಮೊದಲೇ ಮುಚ್ಚಿಡಬೇಕು. ಬ್ಯಾಂಕ್ ಆ್ಯಪ್‌ನಲ್ಲಿ ಡೆಬಿಟ್ ಕಾರ್ಡಿನ ಆನ್‌ಲೈನ್ ಬಳಕೆ ಆಫ್ ಮಾಡಿ. ಸಂಬಳದ ಖಾತೆಯನ್ನು ಯುಪಿಐಯಿಂದ ತೆಗೆದುಹಾಕಿ. ದಿನದ ಖರ್ಚಿಗೆ ಬೇರೆ ಖಾತೆಯಲ್ಲಿ ಒಂದೆರಡು ಸಾವಿರ ಸಾಕು. ಸಂಬಳ ಬಿದ್ದ ಮರುದಿನವೇ ಮನೆಗೆ ಹಣ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಟ್ಟಿಡಿ. ಆಟೋಪೇ ಪಟ್ಟಿ ತೆರೆದು ಗುರುತಿಲ್ಲದ್ದನ್ನೆಲ್ಲ ರದ್ದು ಮಾಡಿ. ಲಿಂಕಿನಿಂದ ಇಳಿಸಿದ ಆ್ಯಪ್ ಎಸ್ಸೆಮ್ಮೆಸ್ ಅನುಮತಿ ಪಡೆದಿದ್ದರೆ ಒಟಿಪಿ ಓದಬಲ್ಲದು, ಅದನ್ನು ತೆಗೆದು ಯುಪಿಐ ಪಿನ್ ಬದಲಿಸಿ. ಸಾಲದ ಆ್ಯಪ್‌ಗಳನ್ನೂ ಅವತ್ತೇ ತೆಗೆಯಿರಿ.

ಗಲ್ಲಾದಿಂದ ‘ಸಂಜೆ ಹಾಕ್ತೇನೆ’ ಎಂದು ಐನೂರು ತೆಗೆದದ್ದು, ಚೀಟಿ ಫಂಡಿನ ಕಂತು ಕಟ್ಟದೆ ಸುಳ್ಳು ಹೇಳಿದ್ದು, ಸೋತದ್ದನ್ನು ಇವತ್ತೇ ಎತ್ತಬೇಕು ಅನ್ನಿಸುವುದು: ಇಲ್ಲಿಗೆ ಬಂದರೆ ಅದು ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಜೂಜಿನ ಚಟವೂ ಇದೆ. 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಹಗಲು ರಾತ್ರಿ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು.

ಸಾಲ ತೀರಿಸಲು ನಿಂತ ಅಣ್ಣ, ಭಾವಂದಿರು ದುಡ್ಡನ್ನು ಅವನ ಕೈಗೆ ಕೊಡಬೇಡಿ. ಯಾರಿಗೆ ಎಷ್ಟು ಎಂದು ಮೊದಲು ಅವನ ಕೈಯಲ್ಲೇ ಬರೆಸಿ, ಸಾಲ ಕೊಟ್ಟವರಿಗೆ ನೇರವಾಗಿ ಕಟ್ಟಿ ರಸೀದಿ ತೆಗೆದುಕೊಳ್ಳಿ. ಮೊದಲ ಸಲ ಬರೆಯುವ ಪಟ್ಟಿಯಲ್ಲಿ ಒಂದೆರಡು ಹೆಸರು ಬಿಟ್ಟಿರುತ್ತಾನೆ. ವಾರ ಬಿಟ್ಟು, ಬೈಯದೆ, ಇನ್ನೊಮ್ಮೆ ಕೇಳಿ.