ಕೈಯಲ್ಲಿ ಹಿಡಿಯುವ ಆರ್‌ಎಫ್‌ಐಡಿ ರೀಡರ್: ಎಣಿಕೆಗೆ ಉತ್ತಮ, ಆದರೆ ಟ್ಯಾಗಿನ ಆಯ್ಕೆಯೇ ನಿರ್ಣಾಯಕ

ಉಡುಪು, ದ್ರವ ತುಂಬಿದ ಬಾಟಲಿ ಮತ್ತು ಲೋಹದ ಉಪಕರಣಗಳು ಮೂರನ್ನೂ ಇಟ್ಟಿರುವ ದಾಸ್ತಾನು ಕೋಣೆಯಲ್ಲಿ ಬಾರ್‌ಕೋಡ್ ಸ್ಕ್ಯಾನರಿನ ಬದಲು ಯುಎಚ್‌ಎಫ್ (ಅತಿ ಹೆಚ್ಚಿನ ಆವರ್ತನದ) ಆರ್‌ಎಫ್‌ಐಡಿ ರೀಡರ್, ಅಂದರೆ ವಸ್ತುವಿಗೆ ಅಂಟಿಸಿದ ಚಿಪ್ ಮತ್ತು ಆಂಟೆನಾ ಇರುವ ಚೀಟಿಯನ್ನು (ಟ್ಯಾಗು) ರೇಡಿಯೋ ಅಲೆಯಿಂದ ದೂರದಿಂದಲೇ ಓದುವ ಸಾಧನ, ಬಳಸಿದ ಅನುಭವದ ಆಧಾರದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಸಾಧನ ಖಂಡಿತವಾಗಿ ಕೊಳ್ಳಲು ಯೋಗ್ಯವಾಗಿದೆ. ಆದರೆ ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಹಾಕುವ ಓದುವ ದೂರವನ್ನು ನೋಡಿ ಆಯ್ಕೆ ಮಾಡಬೇಡಿ. ಫಲಿತಾಂಶವನ್ನು ನಿರ್ಧರಿಸುವುದು ವಸ್ತುವಿಗೆ ಅಂಟಿಸಿದ ಟ್ಯಾಗು.

ಉಡುಪಿನ ವಿಷಯದಲ್ಲಿ ಇದರ ಕೆಲಸ ನಿಜಕ್ಕೂ ಸೊಗಸು. ಮಡಚಿಟ್ಟ ಅಂಗಿಗಳ ಮುಚ್ಚಿದ ರಟ್ಟಿನ ಪೆಟ್ಟಿಗೆಯ ಎದುರು ರೀಡರ್ ಹಿಡಿದು ಟ್ರಿಗರ್ ಒತ್ತಿದರೆ ಬೀಪ್ ಸದ್ದು ಒಂದರ ಮೇಲೊಂದು ಬರುತ್ತದೆ, ಪರದೆಯ ಮೇಲೆ ಎಣಿಕೆ ಸರಸರನೆ ಏರಿ ಕೆಲವೇ ಕ್ಷಣಗಳಲ್ಲಿ ನಿಂತುಬಿಡುತ್ತದೆ. ಪೆಟ್ಟಿಗೆ ತೆರೆಯಬೇಕಿಲ್ಲ, ಒಂದೊಂದೇ ಅಂಗಿಯ ಚೀಟಿ ಹುಡುಕಬೇಕಿಲ್ಲ. ಟ್ಯಾಗಿನಲ್ಲಿ ಬ್ಯಾಟರಿ ಇರುವುದಿಲ್ಲ. ರೀಡರ್ ಹೊರಸೂಸುವ ರೇಡಿಯೋ ಅಲೆಯಿಂದಲೇ ಶಕ್ತಿ ಪಡೆದು, ಆ ಅಲೆಯನ್ನು ತುಸು ಮಾರ್ಪಡಿಸಿ ಹಿಂದಕ್ಕೆ ಪ್ರತಿಫಲಿಸುವ ಮೂಲಕ ಅದು ತನ್ನ ಗುರುತಿನ ಸಂಖ್ಯೆಯನ್ನು ತಿಳಿಸುತ್ತದೆ. ಪ್ರತಿಫಲಿತ ಶಕ್ತಿಯಿಂದ ಸಂಪರ್ಕ ಸಾಧಿಸುವ ಈ ತತ್ತ್ವವನ್ನು ಎಂಜಿನಿಯರ್ ಹ್ಯಾರಿ ಸ್ಟಾಕ್‌ಮನ್ 1948ರಲ್ಲೇ ಪ್ರಬಂಧವೊಂದರಲ್ಲಿ ಮಂಡಿಸಿದ್ದರು. ಗುರುತಿನ ಸಂಖ್ಯೆ ಸಾಮಾನ್ಯವಾಗಿ 96 ಬಿಟ್‌ಗಳದ್ದಾದ್ದರಿಂದ, ಒಂದೇ ಬಣ್ಣ ಮತ್ತು ಅಳತೆಯ ಎರಡು ಅಂಗಿಗಳಿಗೂ ಬೇರೆ ಬೇರೆ ಸಂಖ್ಯೆ ಕೊಡಬಹುದು. ಹೀಗಾಗಿ ಒಂದೇ ಅಂಗಿ ಎರಡು ಬಾರಿ ಲೆಕ್ಕಕ್ಕೆ ಬರುವ ಪ್ರಮೇಯವಿಲ್ಲ.

ಎಣಿಕೆಗಿಂತಲೂ ನನಗೆ ಹೆಚ್ಚು ಉಪಯುಕ್ತವೆನಿಸಿದ್ದು ಹುಡುಕುವ ಸೌಲಭ್ಯ. ಬೇಕಾದ ವಸ್ತುವಿನ ಸಂಖ್ಯೆಯನ್ನು ಆರಿಸಿಕೊಂಡು ಕಪಾಟುಗಳ ನಡುವೆ ನಡೆದರೆ, ಹತ್ತಿರವಾದಂತೆ ಬೀಪ್ ಸದ್ದು ಚುರುಕಾಗುತ್ತದೆ. ತಪ್ಪು ಕಪಾಟಿಗೆ ಹೋಗಿ ಕುಳಿತ ಉಪಕರಣವೊಂದನ್ನು ಹೀಗೆ ಪತ್ತೆಹಚ್ಚುವುದು ಆಸ್ಪತ್ರೆ, ಕಾರ್ಖಾನೆ, ಕಡತಗಳ ಕೋಣೆ ಎಲ್ಲೆಡೆಯೂ ಬೆಲೆಬಾಳುವ ಅನುಕೂಲ. ಸದ್ದಿನ ವೇಗ ಸಂಕೇತದ ಬಲವನ್ನು ಆಧರಿಸಿರುತ್ತದೆಯೇ ಹೊರತು ನಿಖರವಾದ ದೂರವನ್ನಲ್ಲ. ಲೋಹದ ಕಪಾಟಿನಿಂದ ಅಲೆ ಪುಟಿದು ಬಂದಾಗ ದಿಕ್ಕು ತಪ್ಪಬಹುದು. ರೀಡರಿನ ಶಕ್ತಿಯನ್ನು ಹಂತಹಂತವಾಗಿ ಇಳಿಸುತ್ತಾ ಹೋದರೆ ಈ ತೊಂದರೆ ಬಹುಮಟ್ಟಿಗೆ ಕಡಿಮೆಯಾಗುತ್ತದೆ.

ದ್ರವ ಮತ್ತು ಲೋಹದ ಮುಂದೆ ಬಂದಾಗ ಚಿತ್ರ ಬದಲಾಗುತ್ತದೆ. ಈ ತರಂಗಾಂತರದ ಅಲೆಗಳನ್ನು ನೀರು ಹೀರಿಕೊಳ್ಳುತ್ತದೆ. ಲೋಹವಾದರೋ ಅವನ್ನು ಪ್ರತಿಫಲಿಸಿ, ಮೇಲ್ಮೈಗೆ ನೇರವಾಗಿ ಅಂಟಿಸಿದ ಟ್ಯಾಗಿನ ಆಂಟೆನಾದ ಶ್ರುತಿಯನ್ನೇ ಕೆಡಿಸುತ್ತದೆ. ಉಡುಪಿನ ಮೇಲೆ ಹಲವು ಮೀಟರ್ ದೂರದಿಂದ ಓದಿಸಿಕೊಂಡ ಅದೇ ಕಾಗದದ ಟ್ಯಾಗು, ಉಕ್ಕಿನ ಪೆಟ್ಟಿಗೆಯ ಮೇಲೆ ಅಂಟಿಸಿದಾಗ ರೀಡರನ್ನು ತೀರಾ ಸಮೀಪಕ್ಕೆ ತಂದರೂ ಮೌನವಾಗಿತ್ತು. ಲೋಹಕ್ಕೆಂದೇ ಮಾಡಿದ, ಆಂಟೆನಾದ ಕೆಳಗೆ ಅಂತರ ಕೊಡುವ ಪದರವಿರುವ ದಪ್ಪ ಟ್ಯಾಗು ಹಾಕಿದ ಮೇಲೆ ಅದೇ ಪೆಟ್ಟಿಗೆ ಸಲೀಸಾಗಿ ಓದಿಸಿಕೊಂಡಿತು. ಬಾಟಲಿಗಳಲ್ಲಿ ಟ್ಯಾಗನ್ನು ದ್ರವದ ಮಟ್ಟಕ್ಕಿಂತ ಮೇಲೆ, ಕತ್ತಿನ ಬಳಿ ಅಂಟಿಸುವುದರಿಂದ ಪ್ರಯೋಜನವಾಗುತ್ತದೆ, ಆದರೆ ಒತ್ತೊತ್ತಾಗಿ ಜೋಡಿಸಿದ ಪೆಟ್ಟಿಗೆಯ ನಡುವಿನ ಬಾಟಲಿಗಳು ಆಗಲೂ ಕೈಕೊಡುತ್ತವೆ.

ಈ ಕಾರಣಕ್ಕೇ ನನ್ನ ಮುಖ್ಯ ಎಚ್ಚರಿಕೆ ಇಷ್ಟು: ರೀಡರ್ ಓದಿದ ವಸ್ತು ಅಲ್ಲೆಲ್ಲೋ ಇದೆ ಎಂದು ನಂಬಬಹುದು, ಓದದ ವಸ್ತು ಇಲ್ಲವೆಂದು ನಂಬಲಾಗದು. ಶಸ್ತ್ರಚಿಕಿತ್ಸೆಯ ಉಪಕರಣಗಳಂಥ, ಒಂದೂ ತಪ್ಪಬಾರದ ಲೆಕ್ಕದಲ್ಲಿ ಕಣ್ಣಿನಿಂದ ನೋಡಿ ಎಣಿಸುವ ಪದ್ಧತಿಯನ್ನು ಯಾವ ಕಾರಣಕ್ಕೂ ಕೈಬಿಡಬಾರದು. ಇನ್ನೊಂದು ತುದಿಯಲ್ಲಿ, ಶಕ್ತಿಯನ್ನು ಪೂರ್ತಿ ಏರಿಸಿಟ್ಟರೆ ಗೋಡೆಯಾಚೆಯ ಕೋಣೆಯ ಟ್ಯಾಗುಗಳೂ ಪಟ್ಟಿಗೆ ಸೇರಿಕೊಳ್ಳಬಹುದು.

ಎಲ್ಲ ಕೆಲಸಕ್ಕೂ ಈ ವರ್ಗದ ರೀಡರ್ ಹೊಂದುವುದಿಲ್ಲ. ಜಾನುವಾರುಗಳ ಕಿವಿಗೆ ಹಾಕುವ ಅಂತರರಾಷ್ಟ್ರೀಯ ಮಾನದಂಡದ ಟ್ಯಾಗುಗಳು 134.2 ಕಿಲೋಹರ್ಟ್ಸ್‌ನಲ್ಲಿ, ಗ್ರಂಥಾಲಯದ ಪುಸ್ತಕಗಳ ಬಹುಪಾಲು ಟ್ಯಾಗುಗಳು ಹಾಗೂ ತಾಗಿಸಿ ಹಣ ಪಾವತಿಸುವ ಕಾರ್ಡುಗಳು 13.56 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಅವುಗಳಿಗೆ ರೀಡರೇ ಬೇರೆ. ಯುಎಚ್‌ಎಫ್‌ನಲ್ಲೂ ಅಮೆರಿಕದಲ್ಲಿ 902ರಿಂದ 928 ಮೆಗಾಹರ್ಟ್ಸ್, ಯುರೋಪಿನಲ್ಲಿ ಮುಖ್ಯವಾಗಿ 865ರಿಂದ 868 ಮೆಗಾಹರ್ಟ್ಸ್ ಬಳಕೆಯಲ್ಲಿರುವುದರಿಂದ, ನಿಮ್ಮ ಪ್ರದೇಶಕ್ಕೆ ಅನುಮತಿಯಿರುವ ಮಾದರಿಯನ್ನೇ ಕೇಳಿ ಪಡೆಯಬೇಕು.

ಕೊಳ್ಳುವ ಮುನ್ನ ಮಾರಾಟಗಾರರ ಮಾದರಿ ಟ್ಯಾಗುಗಳ ಮೇಲೆ ನಡೆಸುವ ಪ್ರದರ್ಶನಕ್ಕೆ ಒಪ್ಪಬೇಡಿ. ನಿಮ್ಮದೇ ಸರಕಿಗೆ, ನಿಮ್ಮದೇ ಕಪಾಟಿನಲ್ಲಿ, ಎರಡು ಮೂರು ಬಗೆಯ ಟ್ಯಾಗು ಅಂಟಿಸಿ ಓದಿಸಿ ನೋಡಿ. ಬಂದ ಸಂಖ್ಯೆಯನ್ನು ಕೈಯೆಣಿಕೆಯೊಂದಿಗೆ ತಾಳೆ ಹಾಕಿ. ಹಾಗೆಯೇ ಟ್ಯಾಗಿಗೆ ಬರೆಯುವ ಸಂಖ್ಯೆಗೆ ಪಾಸ್‌ವರ್ಡ್‌ನ ಬೀಗ ಹಾಕುವ ಸೌಲಭ್ಯ ಸಾಫ್ಟ್‌ವೇರಿನಲ್ಲಿ ಇದೆಯೇ ಎಂಬುದನ್ನೂ ವಿಚಾರಿಸಿ, ಏಕೆಂದರೆ ಬೀಗ ಹಾಕದ ಟ್ಯಾಗಿನ ಸಂಖ್ಯೆಯನ್ನು ಅದೇ ವರ್ಗದ ಬೇರೆ ಯಾವ ರೀಡರಿನಿಂದಲೂ ತಿದ್ದಿಬಿಡಬಹುದು.