ಕಣತಲೆ ನೋವಿಗೆ ಹಲ್ಲಿನ ಆಸ್ಪತ್ರೆ

ದಾವಣಗೆರೆಯ ಡೆಂಟಲ್ ಕಾಲೇಜು ಆಸ್ಪತ್ರೆಗೆ ಹೋಗುವುದಾದರೆ ಅರ್ಧ ದಿನ ರಜೆ ಹಾಕಿಯೇ ಹೋಗಿ. ಚೀಟಿಗೆ ಒಂದು ಕ್ಯೂ, ಎಕ್ಸ್‌ರೇಗೆ ಒಂದು, ದುಡ್ಡು ಕಟ್ಟಲು ಇನ್ನೊಂದು. ಕಾಯುವ ಜಾಗದಲ್ಲಿ ಫ್ಯಾನೂ ಸಾಲದು. ಆದರೂ ನಾನು ಇಲ್ಲಿಗೇ ಹೋಗಿ ಅನ್ನುತ್ತೇನೆ.

ನಾನು ಬಸ್ ಕಂಡಕ್ಟರ್. ಬಲಗಡೆ ಕಣತಲೆ ಸಿಡಿಯುತ್ತಿತ್ತು. ಸೀಟಿ ಊದಿದರೆ ಕಿವಿಯವರೆಗೂ ಜಗ್ಗುತ್ತಿತ್ತು. ಡಿಪೋದಲ್ಲಿ ಒಬ್ಬ ಮೈಗ್ರೇನ್ ಅಂದ, ಇನ್ನೊಬ್ಬ ಬಿಪಿ ಅಂದ. ಬಿಪಿ ಸರಿಯಾಗೇ ಇತ್ತು. ಆಮೇಲೆ ದವಡೆ ಊದಿಕೊಂಡಿತು, ಮಂಡಕ್ಕಿ ಅಗಿಯಲೂ ಆಗದ ಹಾಗೆ. ಬುದ್ಧಿ ಹಲ್ಲಿನದೇ ಕಾಟ ಅಂತ ಮನೆಯವಳು ತೀರ್ಪು ಕೊಟ್ಟಳು.

ನೋಡಿದ್ದು ಪಿಜಿ ಓದುತ್ತಿರುವ ಹುಡುಗಿ. "ಅಂಕಲ್, ನೋವಾದ್ರೆ ಕೈ ಎತ್ತಿ" ಅಂತ ಮೊದಲೇ ಹೇಳಿದರು. ಜ್ವರ ಇದೆಯಾ, ನುಂಗಲು ಕಷ್ಟವಾ, ರಾತ್ರಿ ಹಲ್ಲು ಕಡಿಯುತ್ತೀರಾ ಅಂತೆಲ್ಲ ಕೇಳಿದರು. ಕಿವಿಯ ಮುಂದಿನ ಕೀಲು ಒತ್ತಿ ನೋಡಿದರು. ಅದು ಕೆಟ್ಟರೂ ಇಂಥದ್ದೇ ತಲೆನೋವು ಬರುತ್ತಂತೆ. ಆಮೇಲೆ ಕನ್ನಡಿಯ ಹಿಡಿಯಿಂದ ಒಂದೊಂದೇ ಹಲ್ಲು ತಟ್ಟಿದರು. ಕೆಳಗಿನ ಒಂದು ದವಡೆ ಹಲ್ಲಿಗೆ ತಟ್ಟಿದ್ದೇ ತಡ, ನನ್ನ ಕೈ ತಾನಾಗೇ ಮೇಲೆ ಹೋಯಿತು. ತಣ್ಣಗಿನ ಹತ್ತಿ ಮುಟ್ಟಿಸಿದರೆ ಪಕ್ಕದ ಹಲ್ಲುಗಳೆಲ್ಲ ಜುಮ್ ಅಂದವು, ಇದು ಮಾತ್ರ ಸುಮ್ನೆ ಇತ್ತು. ಒಳಗಿನ ನರ ಸತ್ತಿದೆ ಅಂದರು. ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಕಪ್ಪು ಕಲೆ, ಅಂದರೆ ಅಲ್ಲಿ ಸೋಂಕು. ಬುದ್ಧಿ ಹಲ್ಲು ನೆಟ್ಟಗಿತ್ತು, ಪಾಪ.

ಹಾಗಾದರೆ ಕಣತಲೆ ಯಾಕೆ ಸಿಡಿಯಬೇಕು? ಕೆಳಗಿನ ಹಲ್ಲಿಗೂ ಕಿವಿ, ಕಣತಲೆಗೂ ಹೋಗುವುದು ಒಂದೇ ನರದ ಕವಲುಗಳಂತೆ. ನೋವು ಎಲ್ಲಿಂದ ಹೊರಟಿತು ಅಂತ ಮಿದುಳಿಗೇ ಗೊತ್ತಾಗಲ್ಲ ಅಂದರು. ಇಷ್ಟನ್ನು ಕಾಗದದ ಮೇಲೆ ಗೀಚಿ ತೋರಿಸಿದರಲ್ಲ, ಅದು ನನಗೆ ಹಿಡಿಸಿತು. ಬೇರೆ ಕಡೆ ಮಾತ್ರೆ ಬರೆದು ಕಳಿಸುತ್ತಾರೆ. ಮಾತ್ರೆಗೆ ಊತ ಇಳಿಯುತ್ತೆ, ಒಳಗಿನ ಕೊಳೆ ಹಾಗೇ ಇದ್ದರೆ ಮತ್ತೆ ಬರುತ್ತೆ.

ಅವತ್ತೇ ಹಲ್ಲು ತೆರೆದು ಕೀವು ಹೊರಗೆ ಬಿಟ್ಟರು. ವಾಸನೆ ಕೇಳಬೇಡಿ. ಸಂಜೆಗೆ ಕಣತಲೆ ಹಗುರ. ಆಮೇಲೆ ರೂಟ್ ಕೆನಾಲ್, ಕೊನೆಗೆ ಕ್ಯಾಪ್. ಇಲ್ಲಿ ಸಿಟ್ಟಿಂಗ್ ಜಾಸ್ತಿ ಆಗುತ್ತವೆ, ಯಾಕೆಂದರೆ ಪ್ರತಿ ಹಂತವನ್ನೂ ಅವರ ಸರ್ ಬಂದು ನೋಡಿ ಸಹಿ ಹಾಕಬೇಕು. ನನಗೆ ಅದೇ ಧೈರ್ಯ. ಖರ್ಚು ಪ್ರೈವೇಟ್ ಕ್ಲಿನಿಕ್‌ನವರು ಹೇಳಿದ್ದರ ಅರ್ಧವೂ ಆಗಲಿಲ್ಲ.

ಊತ ಗದ್ದದ ಕೆಳಗೆ, ಕುತ್ತಿಗೆಗೆ ಇಳಿದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟ ಆದರೆ ಈ ಕ್ಯೂ ಎಲ್ಲ ನೆಚ್ಚಿಕೊಳ್ಳಬೇಡಿ. ರಾತ್ರಿಯಾದರೂ ಸರಿ, ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಓಡಿ ಅಂತ ಅವರೇ ಹೇಳಿದ್ದು.

ಉಳಿದವರು ತಿಂಡಿ ತಿಂದು ಬೆಳಿಗ್ಗೆ ಬೇಗ ಹೋಗಿ. ಶುಗರ್ ಇದ್ದರೆ, ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದರೆ ಹಳೇ ಚೀಟಿ ಜೊತೆಗಿರಲಿ, ಕೇಳಿಯೇ ಕೇಳುತ್ತಾರೆ.