ಕರಡಿಗೆ ಯಾವ ಕಾಡತೂಸು ಅಂತ ಹುಡುಕಾಕ ಹೋಗಿ

ಮನೆಯಲ್ಲಿ ಬೆಳೆ ಕಾಯೋ ಬಂದೂಕು ಇದ್ದವರು, ಅದರಲ್ಲೂ ನನ್ನ ಹಂಗ ಧಾರವಾಡದಾಗ ಕೂತು ಹಳ್ಳಿಗೆ ಬುದ್ಧಿ ಹೇಳೋ ಶಾಣ್ಯಾರು ಇದನ್ನ ಓದ್ರಿ.

ನಮ್ಮೂರು ಕಲಘಟಗಿ ತಾಲೂಕಿನ ಕಾಡಂಚಿನಲ್ಲಿದೆ. ಹೋದ ವರ್ಷ ಗೋವಿನಜೋಳದ ತೆನೆಗೆ ಹಾಲು ತುಂಬೋ ಹೊತ್ತಿಗೆ ಹೊಲಕ್ಕೆ ಕರಡಿ ಬರಲು ಶುರುವಾಯಿತು. ಕಾಕಾನ ಹತ್ತಿರ ಲೈಸೆನ್ಸ್ ಇರೋ ಹನ್ನೆರಡು ಬೋರಿನ ಒಂಟಿ ನಳಿಗೆ ಬಂದೂಕಿದೆ, ಅಜ್ಜನ ಕಾಲದ ವಿಲಾಯತಿ ಮಾಲು. ಹಂದಿ ಬೆದರಿಸಲು ನಾಕನೇ ನಂಬರಿನ ಸಣ್ಣ ಛರಾ, ಅಂದರೆ ಕಾಳಿನಂಥ ಗುಂಡಿನ ಕಾಡತೂಸು ಹಾಕುತ್ತಿದ್ದ.

ನಾನು ಫೋನ್ ಹಿಡಿದು ಕೂತೆ. ಕರಡಿಗೆ ಯಾವ ಕಾಡತೂಸು? ಸಿಕ್ಕಿದ್ದೆಲ್ಲ ಅಮೆರಿಕದ ಮಾತು: ಅಲಾಸ್ಕಾದ ಕಂದು ಕರಡಿಗೆ ಪಾಯಿಂಟ್ 375 ಮ್ಯಾಗ್ನಮ್ ರೈಫಲ್, 300 ಗ್ರೇನ್ ಗುಂಡು, ಅಂದರೆ ಹತ್ತೊಂಬತ್ತು ಗ್ರಾಂ ಮೇಲೆ. ಅಲ್ಲಿ ಅದಕ್ಕೆ ಸೀಸನ್ ಇದೆ, ಪರವಾನಗಿ ಇದೆ. ನಮ್ಮ ಕರಡಿ ಇರೋದು 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿ. ಕೊಂದರೆ ಕನಿಷ್ಠ 3 ವರ್ಷ ಜೈಲು, 7ರವರೆಗೂ ಹೋಗಬಹುದು, ಮೇಲೆ ದಂಡ. ಇದು ನನಗೆ ಗೊತ್ತಿತ್ತು. ಆದರೂ 'ಕೈಯಾಗ ದೊಡ್ಡ ಛರಾ ಇದ್ದರ ಧೈರ್ಯ' ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಹುಬ್ಬಳ್ಳಿಯ ಪರಿಚಯದವರೊಬ್ಬರು ಆರು ಎಲ್‌ಜಿ, ಅಂದರೆ ದೊಡ್ಡ ಛರಾದ ಕಾಡತೂಸು ಕೊಟ್ಟರು. ಬಿಲ್ ಇಲ್ಲ, ಕಾಕಾನ ಲೈಸೆನ್ಸ್ ಪುಸ್ತಕದಲ್ಲಿ ದಾಖಲೆ ಇಲ್ಲ. ಬೈಕಿನ ಡಿಕ್ಕಿಯಲ್ಲಿ ಹಾಕಿಕೊಂಡು ಹೋದೆ. ಲೈಸೆನ್ಸ್ ಇಲ್ಲದವನು ಕಾಡತೂಸು ಇಟ್ಟುಕೊಂಡರೂ ಅಪರಾಧ ಅನ್ನೋದು ಆಗ ತಲೆಗೇ ಬರಲಿಲ್ಲ.

ಕೆಂಪು ಪ್ಲಾಸ್ಟಿಕ್ ಮೈ, ಹಿತ್ತಾಳೆ ತಳ, ಬಾಯಿ ನಕ್ಷತ್ರದ ಹಂಗ ಒಳಗೆ ಮಡಚಿತ್ತು. ಮೈಮೇಲೆ ಸಣ್ಣಗೆ 70 ಎಂಎಂ ಅಂತ ಬರೆದಿತ್ತು. ಓದಿದೆ, ಬಿಟ್ಟೆ. ಅಜ್ಜನ ಬಂದೂಕಿನ ಚೇಂಬರ್, ಅಂದರೆ ಕಾಡತೂಸು ಕೂರೋ ಗೂಡು, ಎರಡೂವರೆ ಇಂಚು; ಅದನ್ನ 65 ಎಂಎಂ ಅಂತ ಕರೀತಾರ. ಮೋಸ ಹೋಗೋದು ಇಲ್ಲೇ ನೋಡ್ರಿ. ಕಾಡತೂಸಿನ ಮೇಲೆ ಬರೆದಿರೋದು ಹಾರಿಸಿದ ಮೇಲೆ, ಬಾಯಿ ಬಿಚ್ಚಿಕೊಂಡಾಗಿನ ಉದ್ದ. ಮಡಚಿದ ಬಾಯಿದು ಅದಕ್ಕಿಂತ ಗಿಡ್ಡ, 65ರ ಚೇಂಬರಿನಲ್ಲಿ ಆರಾಮ ಕೂರುತ್ತದೆ, ಬಂದೂಕು ಕಟ್ ಅಂತ ಮುಚ್ಚಿಕೊಳ್ಳುತ್ತದೆ. ಹಾರಿಸಿದಾಗ ಬಿಚ್ಚಿದ ಬಾಯಿ ನಳಿಗೆ ಸಣ್ಣಾಗೋ ಜಾಗಕ್ಕೆ ಚಾಚಿಕೊಂಡು ಛರಾದ ದಾರಿ ಇಕ್ಕಟ್ಟು ಮಾಡುತ್ತದೆ, ಒಳಗೆ ಒತ್ತಡ ಏರುತ್ತದೆ. ಗಟ್ಟಿ ಬಂದೂಕು ತಾಳಿಕೊಂಡೀತು. ಕೀಲು ಸವೆದು ಗಡಗಡ ಅನ್ನೋ ಮುದಿ ಬಂದೂಕು ಹೆಂಗ ತಾಳಬೇಕು?

ಆ ರಾತ್ರಿ ಕರಡಿ ಬದುವಿನ ಹತ್ತಿರ ಬಂದಾಗ ಕಾಕಾ ಅಟ್ಟದ ಮೇಲಿಂದ ಆಕಾಶಕ್ಕೆ ಹಾರಿಸಿದ. ಅದರ ಕಡೆ ಗುರಿ ಹಿಡಿಯಲಿಲ್ಲ, ಅದೊಂದು ಪುಣ್ಯ. ಬಂದೂಕು ಅಲ್ಲೇ ಬಾಯಿ ಬಿಟ್ಟಿತು. ಬಿಸಿ ಹೊಗೆ ಮುಖಕ್ಕೆ ಬಡಿಯಿತು, ಬಲಗೈ ಹೆಬ್ಬೆರಳು ಸೀಳಿತು. ಫೋನಿನಲ್ಲಿ ಅವನು ಹೇಳಿದ್ದು ಇಷ್ಟೇ: "ತಮ್ಮಾ, ಬೆರಳ ಐತೋ ಇಲ್ಲೋ ತಿಳೀವಲ್ದು, ಬಾ ಲಗೂನ."

ಹುಬ್ಬಳ್ಳಿ ದವಾಖಾನಿಯಲ್ಲಿ ಬಂದೂಕಿನ ಗಾಯ ಅಂದಕೂಡಲೇ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸೋ ಗಾಯದ ದಾಖಲೆ ಬರೆದರು. ಪೊಲೀಸರು ಬಂದರು. ಕಾಡತೂಸು ಎಲ್ಲಿಂದ ಬಂತು ಅನ್ನೋ ಪ್ರಶ್ನೆಗೆ ಕಾಕಾ ನನ್ನ ಮುಖ ನೋಡಿದ, ನಾನು ನೆಲ ನೋಡಿದೆ. ಅರಣ್ಯದವರು ಮರುದಿನ ಹೊಲದ ತುಂಬ ರಕ್ತದ ಗುರುತು ಹುಡುಕಿದರು, ಸಿಗಲಿಲ್ಲ. ಸಿಕ್ಕಿದ್ದರೆ ನಾನು ಇದನ್ನ ಬರೆಯೋ ಸ್ಥಿತಿಯಲ್ಲಿ ಇರುತ್ತಿರಲಿಲ್ಲ. ಬಂದೂಕು, ಉಳಿದ ಐದು ಕಾಡತೂಸು ಠಾಣೆಯಲ್ಲಿವೆ. ನನ್ನ ಮೇಲಿನ ಕೇಸಿಗೆ ತಾರೀಖು ಬಿದ್ದಾಗೆಲ್ಲ ರಜೆ ಹಾಕಿ ಹೋಗುತ್ತೇನೆ.

ಹಳೇ ಬಂದೂಕಿದ್ದರೆ ಬಲ್ಲ ಮಿಸ್ತ್ರಿಯ ಕೈಲಿ ಚೇಂಬರ್ ಅಳೆಸಿರಿ, ಕಾಡತೂಸನ್ನ ಲೈಸೆನ್ಸ್ ತೋರಿಸಿ ಅಂಗಡಿಯಲ್ಲೇ ತಗೊಳ್ಳಿ. ಕರಡಿಗಂತೂ ಬಂದೂಕಿನ ಮಾತೇ ಬೇಡ. ಅದು ಮೈಮೇಲೆ ಬರೋದು ಹೆಚ್ಚಾಗಿ ಹತ್ತಿರದಲ್ಲಿ ಗಾಬರಿಯಾದಾಗ, ಅದಕ್ಕೇ ಕತ್ತಲಲ್ಲಿ ಹೊಲಕ್ಕೆ ಹೋಗೋರು ಇಬ್ಬಿಬ್ಬರಾಗಿ ಮಾತಾಡುತ್ತ, ಬ್ಯಾಟರಿ ಬಿಡುತ್ತ ಹೋಗಬೇಕು. ತೆನೆ ತಿಂದಿದ್ದರೆ ಫೋಟೊ ತೆಗೆದು, ಉತಾರ ಹಚ್ಚಿ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡ್ರಿ. ಓಡಾಟ ಇದೆ, ಠಾಣೆಯ ಓಡಾಟಕ್ಕಿಂತ ಕಡಿಮೆ.

ಕಾಕಾನ ಕಣ್ಣು ಉಳಿದವು. ಹೆಬ್ಬೆರಳು ಮಡಚಲು ಬರೋದಿಲ್ಲ. ಈ ಸಲ ಅಟ್ಟದ ಮೇಲೆ ಕೂತು ಖಾಲಿ ಎಣ್ಣಿ ಡಬ್ಬಿ ಬಡಿಯುತ್ತಾನೆ, ಎಡಗೈಯಲ್ಲಿ.